ಪಿಂಕ್ನಿ ಚುಕ್ಕೆ

ಪಿಯಾನೋ ನಿವೃತ್ತವಾದ ದಿನ ಸಂಸ್ಥೆಯವರು ಅದಕ್ಕೆ ಕೇಕ್ ತಂದಿದ್ದರು. ಮೇಲೆ ನೀಲಿ ಸಕ್ಕರೆಯಲ್ಲಿ ‘ಹದಿನಾರು ವರ್ಷಗಳ ಸೇವೆಗೆ ವಂದನೆ’ ಎಂದು ಬರೆದಿತ್ತು. ನಿರ್ದೇಶಕರು ಭಾಷಣ ಮಾಡಿದರು. ಎಲ್ಲರೂ ಸಹಿ ಹಾಕಿದ ಶುಭಾಶಯದ ಕಾರ್ಡನ್ನು ಅದರ ಬೆನ್ನ ಮೇಲಿಟ್ಟರು. ಕೇಕಿನ ಮೊದಲ ತುಂಡನ್ನು ಅದರ ಮುಂದಿಟ್ಟು ಒಂದು ನಿಮಿಷ ಸುಮ್ಮನೆ ನಿಂತರು. ಯಾತಕ್ಕೆ ಕಾದರೋ ನನಗೆ ಇವತ್ತಿಗೂ ತಿಳಿಯದು. ಆಮೇಲೆ ಆ ತುಂಡನ್ನು ನಾನೇ ತಿಂದೆ.

ಪಿಯಾನೋ ಅಂದರೆ ಬಾರಿಸುವ ಪಿಯಾನೋ ಅಲ್ಲ. ಬಾಹ್ಯಾಕಾಶದಲ್ಲಿ ಸುತ್ತುವ ದೂರದರ್ಶಕದ ಹೊಟ್ಟೆಯೊಳಗೆ ಕೂತು ಚಿತ್ರ ತೆಗೆಯುತ್ತಿದ್ದ ಕ್ಯಾಮೆರಾ. ಆಕಾರ, ಗಾತ್ರ, ಹೊರುವವರ ಸೊಂಟ ಮುರಿಯುವ ಗುಣ, ಎಲ್ಲದರಲ್ಲೂ ಪಿಯಾನೋವನ್ನೇ ಹೋಲುತ್ತಿದ್ದರಿಂದ ಅದನ್ನು ಜೋಡಿಸಿದ ನಾವು ಎಂಟು ಮಂದಿ ಹಾಗೆ ಕರೆದೆವು. ಗಗನಯಾತ್ರಿಗಳು ಹೋಗಿ ಹೊಸ ಕ್ಯಾಮೆರಾ ಕೂರಿಸಿ ಹಳೆಯದನ್ನು ಇಳಿಸಿಕೊಂಡು ಬಂದರು. ಈಗ ಅದು ಬಾಲ್ಟಿಮೋರಿನಲ್ಲಿ, ಆ ದೂರದರ್ಶಕವನ್ನು ನಡೆಸುವ ಸಂಸ್ಥೆಯ ನೆಲಮಾಳಿಗೆಯ ಹಜಾರದಲ್ಲಿ ಹಗ್ಗದ ಬೇಲಿಯ ಹಿಂದೆ ಕೂತಿದೆ. ಬೇಲಿಯ ಈಚೆ ನಾನು, ಬರ್ನಡೆಟ್ ವೋಯ್ಚಿಕ್, ವಯಸ್ಸು ಅರವತ್ತೊಂಬತ್ತು. ನಾನೂ ನಿವೃತ್ತಳೇ. ನನಗೆ ಕೇಕ್ ತಂದಿರಲಿಲ್ಲ. ಮಂಗಳವಾರ ಮತ್ತು ಶನಿವಾರ ಸಂಬಳವಿಲ್ಲದೆ ಬಂದು, ಬರುವ ಜನರಿಗೆ ಪಿಯಾನೋ ಕಥೆ ಹೇಳುತ್ತೇನೆ. ಹತ್ತರಲ್ಲಿ ಒಂಬತ್ತು ಮಂದಿ ಕೇಳುವುದು ಒಂದೇ ಪ್ರಶ್ನೆ, ಶೌಚಾಲಯ ಎಲ್ಲಿದೆ ಅಂತ.

ಸಂಸ್ಥೆಯೊಳಗೆ ಎಂಟು ಗಂಟೆಗಿಂತ ಹೆಚ್ಚು ಹೊತ್ತು ಏನೇ ಇರಬೇಕಾದರೂ ಅದು ಒಂದೋ ಉಗ್ರಾಣದ ಪಟ್ಟಿಯಲ್ಲಿರಬೇಕು, ಇಲ್ಲವೇ ಸಿಬ್ಬಂದಿ ಪಟ್ಟಿಯಲ್ಲಿರಬೇಕು. ಉಗ್ರಾಣದವರು ಪಿಯಾನೋವನ್ನು ಸೇರಿಸಿಕೊಳ್ಳಲಿಲ್ಲ. ಮೇಲಿನಿಂದ ಇಳಿದು ಬಂದ ಸಾಮಾನಿಗೆ ರಸೀದಿ ಎಲ್ಲಿಂದ ತರುವುದು? ಸಿಬ್ಬಂದಿ ವಿಭಾಗದವರು ಉದಾರಿಗಳು. ‘ನಿವೃತ್ತ ನೌಕರ’ ಎಂದು ಬರೆದುಕೊಂಡು ೪೦೧೧೭ ಎಂಬ ಸಂಖ್ಯೆ ಕೊಟ್ಟರು. ಅಂದಿನಿಂದ ಪಿಯಾನೋಗೆ ಕಾಗದಗಳು ಬರತೊಡಗಿದವು. ಚಳಿಗಾಲದ ಜ್ವರಕ್ಕೆ ಲಸಿಕೆ ಹಾಕಿಸಿಕೊಳ್ಳಿ, ಮೊಣಕಾಲು ನೋವಿನ ಶಿಬಿರಕ್ಕೆ ಬನ್ನಿ, ಒಂಟಿತನ ಕಾಡುತ್ತಿದೆಯೇ, ನಮ್ಮೊಡನೆ ಮಾತಾಡಿ. ಅದರ ಟಪಾಲನ್ನೆಲ್ಲ ನನ್ನ ಗೂಡಿಗೆ ಹಾಕುತ್ತಿದ್ದರು. ನನಗೆ ಮಾತ್ರ ಸಂಖ್ಯೆ ಇರಲಿಲ್ಲ. ನಾನು ಮೂವತ್ತು ವರ್ಷ ದುಡಿದದ್ದು ಗುತ್ತಿಗೆದಾರನ ಕಡೆಯಿಂದ.

ಇನ್ನು ಚುಕ್ಕೆಯ ವಿಷಯ. ಪಿಯಾನೋ ತೆಗೆದ ಪ್ರತಿ ಚಿತ್ರದಲ್ಲೂ ಎಡಗಡೆ ಕೆಳಮೂಲೆಯಲ್ಲಿ ಒಂದು ಮಸುಕಾದ ಕಪ್ಪು ಬಳೆಯಂಥ ಗುರುತು ಬೀಳುತ್ತಿತ್ತು. ಒಳಗಿನ ಕನ್ನಡಿಯೊಂದರ ಮೇಲೆ ಏನೋ ಕಸ ಕೂತಿತ್ತು. ಮೇಲಕ್ಕೆ ಹೋಗಿ ಒರೆಸಿ ಬರುವುದಕ್ಕೆ ಅದೇನು ಕಿಟಕಿಯೇ? ಹಾಗಾಗಿ ಖಗೋಳಜ್ಞರು ಕೆಳಗೆ ಕೂತು ಲೆಕ್ಕ ಹಾಕಿ ಅದನ್ನು ಅಳಿಸುತ್ತಿದ್ದರು. ಅಳಿಸುವುದಕ್ಕೂ ಒಂದು ಹೆಸರು ಬೇಕಲ್ಲ. ಕ್ಯಾಮೆರಾ ಮುಚ್ಚುವ ಮುನ್ನ ‘ಒಳಗೆ ಒಂದು ಕಣವೂ ಇಲ್ಲ’ ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕಿದ್ದವನು ನಮ್ಮ ಮೇಸ್ತ್ರಿ ಎಲ್‌ವುಡ್ ಪಿಂಕ್ನಿ. ಚುಕ್ಕೆಗೆ ಪಿಂಕ್ನಿ ಚುಕ್ಕೆ ಎಂದು ಹೆಸರಿಟ್ಟರು. ನಾಲ್ಕು ಸಾವಿರ ಸಂಶೋಧನಾ ಲೇಖನಗಳಲ್ಲೂ ಇದೇ ಒಂದು ವಾಕ್ಯ ಇದೆ, ‘ಪಿಂಕ್ನಿಯನ್ನು ತೆಗೆದುಹಾಕಲಾಗಿದೆ.’

ಎಲ್‌ವುಡ್‌ನನ್ನೂ ತೆಗೆದುಹಾಕಿದರು. ಮೊದಲು ಪೆಟ್ಟಿಗೆ ಕಟ್ಟುವ ಕೆಲಸಕ್ಕೆ ಹಾಕಿದರು. ಮುಂದಿನ ವರ್ಷ ಅವನೇ ಬಿಟ್ಟು ಹೋದ. ಆಮೇಲೆ ನಗರದ ಬಸ್ಸು ಓಡಿಸಿದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಆ ಎತ್ತು ನಾನು.

ನಾವು ಕೆಲಸ ಮಾಡುತ್ತಿದ್ದ ಸ್ವಚ್ಛ ಕೋಣೆಗೆ ಒಬ್ಬೊಬ್ಬರೇ ಹೋಗುವಂತಿರಲಿಲ್ಲ, ಜೋಡಿಯಾಗಿ ಹೋಗಬೇಕಿತ್ತು. ಹನ್ನೊಂದು ವರ್ಷ ಎಲ್‌ವುಡ್ ಮತ್ತು ನಾನು ಜೋಡಿ. ಟೋಪಿ, ಮುಖವಸ್ತ್ರ, ಬಿಳಿ ನಿಲುವಂಗಿ ಎಲ್ಲ ಹಾಕಿಕೊಂಡ ಮೇಲೆ, ಕೈಗವಸು ತೊಡುವ ಮುನ್ನ ಹತ್ತೂ ಬೆರಳನ್ನು ಜೋಡಿಯ ಮುಂದೆ ಚಾಚಬೇಕು. ಅವನು ದೀಪ ಹಿಡಿದು ಒಂದೊಂದೇ ಉಗುರು ನೋಡುತ್ತಿದ್ದ. ಎಲ್ಲ ಸರಿಯಿದ್ದರೆ ‘ಸ್ವಚ್ಛ, ಒಳಗೆ ಬಾ’ ಎನ್ನುತ್ತಿದ್ದ. ಇಲ್ಲದಿದ್ದರೆ ಬೆರಳಿನ ಹೆಸರು ಹೇಳಿ ‘ತೊಳ್ಕೊಂಡು ಬಾ’ ಎನ್ನುತ್ತಿದ್ದ. ಒಮ್ಮೆ ರಾಜಧಾನಿಯಿಂದ ಬಂದ ಸೇನಾಧಿಕಾರಿಯನ್ನೇ ಕಿರುಬೆರಳಿಗಾಗಿ ಎರಡು ಸಲ ವಾಪಸು ಕಳಿಸಿದ್ದ.

ಬೇಸಿಗೆಯ ಭಾನುವಾರಗಳಲ್ಲಿ ಎಂಟೂ ಮಂದಿ ಎಲ್‌ವುಡ್‌ನ ಹಿತ್ತಲಲ್ಲಿ ಸೇರುತ್ತಿದ್ದೆವು. ಉದ್ದ ಮೇಜಿಗೆ ಹಳೆಯ ಪತ್ರಿಕೆ ಹಾಸಿ ಅದರ ಮೇಲೆ ಬೇಯಿಸಿದ ಏಡಿಗಳನ್ನು ರಾಶಿ ಸುರಿಯುತ್ತಿದ್ದ. ಮರದ ಸುತ್ತಿಗೆಯಿಂದ ಕುಟ್ಟಿ ಕುಟ್ಟಿ ಸಂಜೆಯವರೆಗೂ ತಿನ್ನುತ್ತಿದ್ದೆವು. ಏಡಿಗೆ ಮೆತ್ತುವ ಮಸಾಲೆ ಅವನೇ ಅರೆದದ್ದು: ಓಂಕಾಳಿನಂಥ ಸೆಲರಿ ಬೀಜ, ಸಾಸಿವೆ, ಕೆಂಪು ಮೆಣಸು, ಒಣ ಶುಂಠಿ. ಆ ಮಸಾಲೆ ಉಗುರಿನೊಳಗೆ ಹೋದರೆ ಎರಡು ದಿನ ಹೊರಗೆ ಬರುವುದಿಲ್ಲ. ಈ ಊರಿನ ಅರ್ಧ ಜನರ ಉಗುರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಂಪಗೇ ಇರುತ್ತದೆ.

ಅಂಥ ಒಂದು ಭಾನುವಾರದ ಮರುದಿನ ನಾನು ತಡವಾಗಿ ಬಂದೆ. ಕನ್ನಡಿ ಕೂರಿಸುವ ದಿನ, ಒಳಗೆ ಆರು ಮಂದಿ ಕಾಯುತ್ತಿದ್ದರು. ಅವಸರದಲ್ಲಿ ಕೈಗವಸು ಮೊದಲೇ ಹಾಕಿಕೊಂಡುಬಿಟ್ಟಿದ್ದೆ. ‘ತೆಗೀಬೇಕಾ?’ ಎಂದು ರಾಗವಾಗಿ ಕೇಳಿದೆ. ಎಲ್‌ವುಡ್ ನನ್ನ ಮುಖ ನೋಡಿದ. ‘ಬಿಡು’ ಎಂದ. ಆ ಸಂಜೆ ಮನೆಯಲ್ಲಿ ಪಾತ್ರೆ ತೊಳೆಯುವಾಗ ಎಡಗೈ ಹೆಬ್ಬೆರಳಿನ ಉಗುರು ಕೆಂಪಗಿರುವುದನ್ನು ನೋಡಿದೆ. ಬರಿಗೈಯಲ್ಲಿ ಕೈಗವಸು ಎಳೆದುಕೊಂಡಾಗ ಅದರ ಹೊರಮೈಗೆ ಏನೇನು ಅಂಟಿತ್ತೋ ಎಂದು ಆಗ ಹೊಳೆಯಿತು.

ನನ್ನ ಗಂಡ ಸ್ಟಾನ್‌ಗೆ ಆಗಷ್ಟೇ ಉಕ್ಕಿನ ಕಾರ್ಖಾನೆಯ ಕೆಲಸ ಹೋಗಿತ್ತು, ಇಬ್ಬರು ಮಕ್ಕಳು ಇನ್ನೂ ಶಾಲೆಯಲ್ಲಿದ್ದರು. ಅದಕ್ಕೇ ಬಾಯಿ ಬಿಡಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಸ್ಟಾನ್‌ಗೆ ಬೇರೆ ಕೆಲಸ ಸಿಕ್ಕಿತು, ಮಕ್ಕಳು ದೊಡ್ಡವರಾದರು, ಸ್ಟಾನ್ ತೀರಿಕೊಂಡ. ನೆಪಗಳೆಲ್ಲ ಮುಗಿದವು, ಬಾಯಿ ಮಾತ್ರ ತೆರೆಯಲಿಲ್ಲ. ಎಲ್‌ವುಡ್‌ನ ಮನೆ ನನ್ನ ಮನೆಯಿಂದ ನಾಲ್ಕೇ ಬೀದಿ. ಅವನ ಬಸ್ಸು ನನ್ನ ಬಾಗಿಲ ಮುಂದೆಯೇ ಹೋಗುತ್ತಿತ್ತು. ಹತ್ತದೆ ಎರಡು ಮೈಲಿ ನಡೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. ನಡಿಗೆ ಆರೋಗ್ಯಕ್ಕೆ ಒಳ್ಳೆಯದು ಎಂದು ಕೇಳಿದವರಿಗೆಲ್ಲ ಹೇಳಿದೆ. ಹಿತ್ತಲಿನ ಏಡಿ ಊಟ ಮತ್ತೆ ನಡೆಯಲಿಲ್ಲ. ಹತ್ತೊಂಬತ್ತು ವರ್ಷ.

ಪಿಯಾನೋ ಕೆಳಗಿಳಿದ ಮೇಲೆ ಡಾಕ್ಟರ್ ಹಾಲ್ವರ್ಸನ್ ಬಂದ. ಕಡಲಿಲ್ಲದ ಮಿನಿಸೋಟ ರಾಜ್ಯದ ಹುಡುಗ, ಉದ್ದ ಕತ್ತು, ಬಹಳ ವಿನಯ. ಏಡಿ ಮುಟ್ಟಿದರೆ ಮೈಯೆಲ್ಲ ದದ್ದು ಏಳುವ ಜಾತಿ. ಆಕಾಶದ ಧೂಳು ಬಡಿದು ಕ್ಯಾಮೆರಾದ ಹೊರತಗಡಿನಲ್ಲಿ ಆದ ಗುಳಿಗಳನ್ನು ಅಭ್ಯಾಸ ಮಾಡುವುದು ಅವನ ಕೆಲಸ. ಗುಳಿ ಇದ್ದಲ್ಲೆಲ್ಲ ನಾಣ್ಯದಷ್ಟು ಅಗಲ ಕೊರೆದು ತೆಗೆದ. ಎರಡು ವರ್ಷದಲ್ಲಿ ನಮ್ಮ ಪಿಯಾನೋ ಹಿಟ್ಟಿನ ಜರಡಿಯಂತಾಯಿತು. ಹೊರಗೆ ಕೊರೆಯಲು ಜಾಗ ಮುಗಿದ ಮೇಲೆ ಒಳಗೆ ಕೈ ಹಾಕಿದ. ಕನ್ನಡಿಯ ಮೇಲೆ ಸಾಸಿವೆಗಿಂತ ಚಿಕ್ಕದಾದ, ಕಂದು ಬಣ್ಣದ, ಗೀರುಗೀರಾದ ಒಂದು ಕಾಳು ಸಿಕ್ಕಿತು.

ಹದಿನೈದು ದಿನ ಬಾಗಿಲು ಹಾಕಿಕೊಂಡು ಪರೀಕ್ಷೆ ಮಾಡಿದ. ಹದಿನಾರನೆಯ ದಿನ ಪತ್ರಿಕೆಯವರನ್ನೆಲ್ಲ ಕರೆಸಿ, ಒಂದು ಕಾಲದಲ್ಲಿ ಜೀವವಿದ್ದ ವಸ್ತುವೊಂದು ಬಾಹ್ಯಾಕಾಶದಿಂದ ಬಂದಿದೆ ಎಂದು ಸಾರಿದ. ಆಧಾರ ಏನು? ಎಲ್‌ವುಡ್‌ನ ಪ್ರಮಾಣಪತ್ರ. ಮುಚ್ಚುವಾಗ ಒಳಗೆ ಒಂದು ಕಣವೂ ಇರಲಿಲ್ಲ ಎಂದು ಸಹಿ ಇದೆ, ಹಾಗಿದ್ದ ಮೇಲೆ ಇದು ಹೊರಗಿನದೇ. ಹದಿನೆಂಟು ವರ್ಷ ಸುಳ್ಳು ಎನ್ನುತ್ತಿದ್ದ ಕಾಗದ ಒಂದೇ ಬೆಳಗಿನಲ್ಲಿ ವೇದವಾಕ್ಯವಾಯಿತು. ಜೊತೆಗೆ ಪರೀಕ್ಷೆಯ ಪಟ್ಟಿಯನ್ನೂ ಪತ್ರಿಕೆಯಲ್ಲಿ ಹಾಕಿಸಿದ. ಆ ಕಾಳು ಯಾವುದೋ ಬೀಜ, ಅದರ ಮೇಲೆ ಸಾಸಿವೆಯ ಅಂಶ, ಕೆಂಪು ಮೆಣಸಿನ ಅಂಶ, ಒಣ ಶುಂಠಿಯನ್ನು ಹೋಲುವ ಅಂಶ.

ಬಾಲ್ಟಿಮೋರಿನಲ್ಲಿ ಆ ಪಟ್ಟಿ ಓದಿ ಗೊತ್ತಾಗದವರು ಸಂಸ್ಥೆಯೊಳಗಿನ ವಿಜ್ಞಾನಿಗಳು ಮಾತ್ರ. ಅವರೆಲ್ಲ ಬೇರೆ ಊರಿನವರು, ಮಧ್ಯಾಹ್ನ ಸೊಪ್ಪು ತಿನ್ನುವವರು. ಮೀನು ಮಾರುವವನು ನನ್ನ ಪೊಟ್ಟಣ ಕಟ್ಟುತ್ತಾ ಅದೇ ಪತ್ರಿಕೆಯನ್ನು ತೋರಿಸಿದ.

“ನೋಡಿದ್ರೇನಮ್ಮಾ, ಮಂಗಳ ಗ್ರಹದೋರೂ ಏಡಿ ಬೇಯಿಸ್ತಾರಂತೆ. ಶುಂಠಿ ಒಂಚೂರು ಜಾಸ್ತಿ ಹಾಕ್ತಾರೆ, ಅಷ್ಟೇ.”

ಊರೆಲ್ಲ ನಗುತ್ತಿದೆ ಎಂದು ಹಾಲ್ವರ್ಸನ್‌ಗೂ ತಿಳಿಯಿತು. ಅವನು ಕುಗ್ಗಲಿಲ್ಲ. ಹೋಲಿಕೆ ಇರುವುದು ನಿಜ, ಆದರೆ ಮಸಾಲೆ ಇಲ್ಲಿಂದ ಆಕಾಶಕ್ಕೆ ಹೋಯಿತೋ, ಆಕಾಶದಿಂದ ಇಲ್ಲಿಗೆ ಬಂತೋ, ಆತುರದ ತೀರ್ಮಾನ ಬೇಡ ಎಂದು ಹೇಳಿಕೆ ಕೊಟ್ಟ. ನಗುವುದಕ್ಕೆ ನನಗೂ ಮನಸ್ಸಿತ್ತು, ಆಗಲಿಲ್ಲ. ಏಕೆಂದರೆ ಪತ್ರಿಕೆಯವರು ಪ್ರಮಾಣಪತ್ರದ ಸಹಿಯನ್ನು ಹಿಡಿದು ಎಲ್‌ವುಡ್‌ನ ಬಾಗಿಲಿಗೆ ಹೋದರು. ಹಳೆಯ ನೆರೆಯವರು ಭಾನುವಾರದ ಊಟಗಳ ಕಥೆ ಹೇಳಿದರು. ಮರುದಿನ ‘ಬಾಹ್ಯಾಕಾಶಕ್ಕೆ ಏಡಿ ಕಳಿಸಿದ ಪಿಂಕ್ನಿ’ ಎಂದು ದಪ್ಪ ಅಕ್ಷರದಲ್ಲಿ ಬಂತು. ಸಂಸ್ಥೆಯಲ್ಲಿ ಅರ್ಧ ಜನ ಅವನನ್ನು ಹೊಗಳಿದರು, ಅರ್ಧ ಜನ ಬೈದರು. ಅವನನ್ನು ಕೇಳಿದವರು ಯಾರೂ ಇಲ್ಲ. ಪಡ್ಡೆಗಳು ಅವನ ಮನೆಯ ಬಿಳಿ ಅಮೃತಶಿಲೆಯ ಮೆಟ್ಟಿಲ ಮೇಲೆ ಕೆಂಪು ಬಣ್ಣದಲ್ಲಿ ಏಡಿ ಬರೆದು ಹೋಗುತ್ತಿದ್ದರು. ಎಪ್ಪತ್ತಾರು ವರ್ಷದ ಮುದುಕ, ವಸಂತದಲ್ಲಿ ಎದೆ ಕೊಯ್ಸಿಕೊಂಡವನು, ದಿನಾ ಬೆಳಗ್ಗೆ ಮಂಡಿಯೂರಿ ಅದನ್ನು ಉಜ್ಜುತ್ತಿದ್ದ. ಬೀದಿಯ ತುದಿಯಿಂದ ನೋಡಿ ನಾನು ತಿರುಗಿ ಬಂದೆ. ಅವನು ಸಾಯುವ ಮುಂಚೆ ಈ ಹೆಸರು ತೊಳೆಯದಿದ್ದರೆ ನಾನು ಮನುಷ್ಯಳೇ ಅಲ್ಲ ಎಂದುಕೊಂಡೆ.

ಮಂಗಳವಾರ ಹಾಲ್ವರ್ಸನ್ ಪಿಯಾನೋ ಹತ್ತಿರ ಬಂದಾಗ ಹೇಳಿಯೇಬಿಟ್ಟೆ.

“ಡಾಕ್ಟರೇ, ಆ ಬೀಜ ನಂದು.”

“ಯಾವ ಅರ್ಥದಲ್ಲಿ?”

“ಉಗುರಿನ ಅರ್ಥದಲ್ಲಿ. ನನ್ನ ಎಡಗೈ ಹೆಬ್ಬೆರಳಿನ ಉಗುರಿಂದ ಬಿದ್ದಿದ್ದು. ಎಲ್‌ವುಡ್ ತಪ್ಪಿಲ್ಲ.”

ಅವನು ಉದ್ದ ಕತ್ತು ವಾಲಿಸಿ ಯೋಚಿಸಿದ. “ಬಹಳ ಚೆನ್ನಾಗಿದೆ ಬರ್ನಡೆಟ್, ಈ ಊಹೆ. ಬರೆದು ಸಮಿತಿಗೆ ಕೊಡಿ.”

“ಊಹೆ ಅಲ್ಲ ಮಗನೇ, ಹೆಬ್ಬೆರಳು. ನೋಡು, ಇನ್ನೂ ಕೈಗೆ ಅಂಟ್ಕೊಂಡೇ ಇದೆ.”

“ಹೆಬ್ಬೆರಳಾದ್ರೂ ಸಮಿತಿ ಮೂಲಕಾನೇ ಬರ್ಬೇಕು.”

ಸಮಿತಿಯ ಕಾರ್ಯದರ್ಶಿ ಮಿಸೆಸ್ ಡೆಲೂಕಾ ಒಳ್ಳೆಯ ಹೆಂಗಸು. ದೂರದರ್ಶಕವನ್ನು ಯಾವ ಕಡೆ ತಿರುಗಿಸಬೇಕು ಎಂಬುದರಿಂದ ಹಿಡಿದು ಯಾವ ಕಾಳು ಯಾರದು ಎಂಬುದರವರೆಗೆ ಎಲ್ಲವೂ ಆ ಸಮಿತಿಯ ಮುಂದೆಯೇ ಹೋಗಬೇಕು. ಅರ್ಜಿಯಲ್ಲಿ ಬರೆದವರ ಹೆಸರಿರಬಾರದು, ಅದು ನಿಯಮ. ಹೆಸರು ಕಂಡರೆ ದೊಡ್ಡವರಿಗೇ ಎಲ್ಲ ಸಿಕ್ಕಿಬಿಡುತ್ತದೆ ಎಂದು ಮಾಡಿದ್ದು. ನ್ಯಾಯವಾದ ನಿಯಮವೇ. ‘ನಾನು’, ‘ನಮ್ಮ’, ‘ಹಿಂದೆ ನಾವು ಮಾಡಿದಂತೆ’ ಎಂಬ ಮಾತು ಬಂದರೂ ಅರ್ಜಿ ಕಸದ ಬುಟ್ಟಿಗೆ.

“‘ನಾನು’ ಅನ್ನದೆ ತಪ್ಪೊಪ್ಪಿಗೆ ಬರೆಯೋದು ಹೇಗೆ ತಾಯಿ?” ಎಂದು ಕೇಳಿದೆ.

“‘ಒಬ್ಬ ವ್ಯಕ್ತಿ’ ಅಂತ ಬರೀರಿ.”

“ಆ ವ್ಯಕ್ತಿ ನಾನೇ ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ?”

“ಗೊತ್ತಾಗಬಾರ್ದು. ಅದಕ್ಕೇ ಅಲ್ವೇ ಇಷ್ಟೆಲ್ಲ ಮಾಡಿರೋದು?”

“ಸರಿ. ಇಲ್ಲಿ ಸಿಬ್ಬಂದಿ ಸಂಖ್ಯೆ ಕೇಳ್ತಿದೆ. ನಂಗಿಲ್ಲ.”

“ಅದು ತುಂಬದಿದ್ರೆ ಅರ್ಜಿ ಮುಂದಕ್ಕೆ ಹೋಗಲ್ಲ. ಚಾಲ್ತಿಯಲ್ಲಿರೋ ಯಾವ್ದಾದ್ರೂ ಸಂಖ್ಯೆ ಹಾಕಿ. ಕೊನೇವರೆಗೂ ಯಾರೂ ನೋಡಲ್ಲ.”

ನನಗೆ ಬಾಯಿಪಾಠವಿದ್ದದ್ದು ಒಂದೇ ಸಂಖ್ಯೆ. ೪೦೧೧೭ ಎಂದು ತುಂಬಿದೆ.

‘ಒಬ್ಬ ವ್ಯಕ್ತಿಯು ಭಾನುವಾರ ಏಡಿ ತಿಂದು, ಸೋಮವಾರ ಉಗುರು ತೋರಿಸದೆ ಒಳಹೋಗಿ’ ಎಂದು ಶುರುಮಾಡಿ ಎರಡು ಪುಟ ಬರೆದೆ. ಆರು ತಿಂಗಳ ಮೇಲೆ ಉತ್ತರ ಬಂತು. ಒಬ್ಬ ಪರೀಕ್ಷಕರು, ಆ ವ್ಯಕ್ತಿಯ ಮನಸ್ಸಿನಲ್ಲಿ ಏನಿತ್ತೆಂದು ಲೇಖಕರಿಗೆ ಹೇಗೆ ಗೊತ್ತು ಎಂದು ಕೇಳಿದ್ದರು. ಇನ್ನೊಬ್ಬರು, ಲೇಖಕರು ಆ ವ್ಯಕ್ತಿಯ ಮೇಲೆ ಅನಗತ್ಯವಾಗಿ ಹರಿಹಾಯ್ದಿದ್ದಾರೆ, ಹಳೆಯ ದ್ವೇಷವಿರಬಹುದು ಎಂದಿದ್ದರು. ಮೂರನೆಯವರು ತಿಂದ ಏಡಿಗಳ ಸಂಖ್ಯೆಯಲ್ಲಿ ಹೆಚ್ಚು ಕಡಿಮೆ ಎಷ್ಟು ಎಂದು ನಮೂದಿಸಿಲ್ಲವೆಂದು ತಿರಸ್ಕರಿಸಿದ್ದರು. ಮತ್ತೆ ಬರೆದೆ. ಮೂರು ಡಜನ್, ನಾಲ್ಕು ಹೆಚ್ಚು ಅಥವಾ ಕಡಿಮೆ ಎಂದು ಸೇರಿಸಿದೆ. ಮತ್ತಾರು ತಿಂಗಳು. ಈ ಸಲ ‘ಬಹಳ ಸುಧಾರಿಸಿದೆ, ಪಶ್ಚಾತ್ತಾಪದ ಭಾಗ ಉದ್ದವಾಯಿತು’ ಎಂದು ಬಂತು. ಪಶ್ಚಾತ್ತಾಪವನ್ನು ಒಂದೂವರೆ ಸಾಲಿಗೆ ಇಳಿಸಿ ಮೂರನೆಯ ಸಲ ಕಳಿಸಿದೆ. ಅಷ್ಟರಲ್ಲಿ ಎಲ್‌ವುಡ್‌ನ ಮೆಟ್ಟಿಲ ಮೇಲೆ ಎಷ್ಟು ಏಡಿ ಬಂದು ಹೋದವೋ.

ಅರ್ಜಿ ಅಂಗೀಕಾರವಾಯಿತು. ಮೂರನೆಯ ಪರೀಕ್ಷಕರು ‘ಮನಮುಟ್ಟುವ ಕೆಲಸ’ ಎಂದೂ ಬರೆದಿದ್ದರು. ಅಂಗೀಕಾರವಾದ ಮೇಲೆ ಬರೆದವರ ಹೆಸರನ್ನು ಬಿಚ್ಚಿ ಓದುವುದು ಪದ್ಧತಿ. ಅದಕ್ಕಾಗಿ ಹಜಾರದಲ್ಲೇ ಸಭೆ ಸೇರಿತು. ನಾನು ಇದ್ದುದರಲ್ಲಿ ಒಳ್ಳೆಯ ಕೋಟು ಹಾಕಿಕೊಂಡು, ಬಯ್ಗುಳಕ್ಕೆ ಮನಸ್ಸು ಗಟ್ಟಿಮಾಡಿಕೊಂಡು ಹಿಂದಿನ ಸಾಲಿನಲ್ಲಿ ಕೂತೆ. ಸಂಖ್ಯೆಯ ವಿಷಯ ನನಗೆ ಮರೆತೇಹೋಗಿತ್ತು.

ಮಿಸೆಸ್ ಡೆಲೂಕಾ ಲಕೋಟೆ ಒಡೆದು ಓದಿದಳು. “ಅರ್ಜಿದಾರರು, ಸಿಬ್ಬಂದಿ ಸಂಖ್ಯೆ ನಾಲ್ಕು ಸೊನ್ನೆ ಒಂದು ಒಂದು ಏಳು, ನಿವೃತ್ತ.” ಹೆಸರಿನ ಪಟ್ಟಿ ತೆಗೆದು ಬೆರಳಿಟ್ಟು ಹುಡುಕಿದಳು. ಆಮೇಲೆ ತಲೆಯೆತ್ತಿ ಹಗ್ಗದ ಬೇಲಿಯ ಕಡೆ ನೋಡಿದಳು. ಎಲ್ಲರೂ ನೋಡಿದರು. ಪಿಯಾನೋ ತನ್ನ ಮುನ್ನೂರು ತೂತುಗಳೊಂದಿಗೆ ಸುಮ್ಮನೆ ಕೂತಿತ್ತು.

ಮೊದಲು ಎದ್ದು ನಿಂತವನು ಹಾಲ್ವರ್ಸನ್. ಅವನ ಕಣ್ಣು ಒದ್ದೆಯಾಗಿತ್ತು. “ತನ್ನ ಚುಕ್ಕೆಯನ್ನ ತಾನೇ ಒಪ್ಕೊಂಡಿದೆ,” ಎಂದ.

“ಅರ್ಜಿಯಲ್ಲಿ ಹೆಬ್ಬೆರಳು ಅಂತಿದೆಯಲ್ಲ?” ಎಂದು ಯಾರೋ ಕೇಳಿದರು.

“ರೂಪಕ,” ಎಂದ ಹಾಲ್ವರ್ಸನ್.

ನಾನು ಕುರ್ಚಿ ಉರುಳಿಸಿಕೊಂಡು ಎದ್ದೆ. “ರೂಪಕ ಅಲ್ರೀ, ಇಲ್ನೋಡಿ. ಬರೆದಿದ್ದು ನಾನು. ಉಗುರು ನಂದು, ಏಡಿ ತಿಂದಿದ್ದು ನಾನು. ಆ ಡಬ್ಬ ಏಡಿ ತಿನ್ನುತ್ತಾ?”

ಮಿಸೆಸ್ ಡೆಲೂಕಾ ಮರುಕದಿಂದ ನನ್ನನ್ನು ನೋಡಿದಳು. “ತೀರ್ಮಾನ ಆಗ್ಹೋಯ್ತು ಬರ್ನಡೆಟ್. ಮೇಲ್ಮನವಿ ಇದ್ರೆ ಅರ್ಜಿದಾರರೇ ಹಾಕ್ಬೇಕು.”

“ಅರ್ಜಿದಾರ ಕ್ಯಾಮೆರಾ ಕಣಮ್ಮಾ.”

“ಅದಕ್ಕೆ ಮೂವತ್ತು ದಿನ ಟೈಮಿದೆ.”

ನಿರ್ದೇಶಕರು ಹಿರಿಯ ಉಪಕರಣಗಳ ಪ್ರಾಮಾಣಿಕತೆಯ ಬಗ್ಗೆ ನಾಲ್ಕು ಮಾತಾಡಿದರು. ನಿರ್ಣಯ ಬರೆದರು. ಯಾವ ಮನುಷ್ಯರ ಮೇಲೂ ದೋಷವಿಲ್ಲ. ಪಿಯಾನೋಗೆ ಎಚ್ಚರಿಕೆ ಪತ್ರ, ಒಂದು ವರ್ಷ ಲಸಿಕೆಯ ಸೌಲಭ್ಯವಿಲ್ಲ. ಚುಕ್ಕೆಗೆ ಇನ್ನು ಮೇಲೆ ‘ಸ್ವಯಂಕೃತ ಚುಕ್ಕೆ’ ಎಂದು ಹೆಸರು. ಎಲ್‌ವುಡ್‌ಗೆ ತಿಳಿಸಲು ಒಂದು ಪತ್ರ. ಅದನ್ನು ಮಿಸೆಸ್ ಡೆಲೂಕಾ ನನ್ನ ಕೈಗೇ ಕೊಟ್ಟಳು. “ನಿಮ್ಮ ಮನೆ ಕಡೇನೇ ಅಲ್ವಾ, ತಲುಪಿಸ್ಬಿಡಿ.”

ಲಕೋಟೆ ಅಂಟಿಸಿರಲಿಲ್ಲ. ದಾರಿಯಲ್ಲಿ ತೆಗೆದು ಓದಿದೆ. ಒಂದೇ ವಾಕ್ಯ, ‘ಪಿಂಕ್ನಿಯನ್ನು ತೆಗೆದುಹಾಕಲಾಗಿದೆ.’

ಬೀದಿಯ ಮಧ್ಯೆ ನಿಂತು ನನ್ನನ್ನೇ ಬೈದುಕೊಂಡೆ. ಮೂರು ಅರ್ಜಿ, ಒಂದೂವರೆ ವರ್ಷ, ಒಂಬತ್ತು ಪರೀಕ್ಷಕರು. ಇಡೀ ಸಂಸ್ಥೆಗೆ ಸುತ್ತು ಹಾಕಿದ್ದೇ ಹಾಕಿದ್ದು. ನಾಲ್ಕು ಬೀದಿ ದಾಟಿ ಒಬ್ಬ ಮನುಷ್ಯನ ಮುಖ ನೋಡಿ ಒಂದು ಮಾತು ಹೇಳುವುದು ತಪ್ಪಲಿ ಎಂದೇ ಇಷ್ಟೂ ಮಾಡಿದೆ. ಹೇಡಿತನಕ್ಕೆ ಇಷ್ಟು ಕಾಗದ ಖರ್ಚಾಗುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಎಲ್‌ವುಡ್ ಮೆಟ್ಟಿಲು ಉಜ್ಜುತ್ತಿದ್ದ. ಪಕ್ಕದಲ್ಲಿ ಸಾಬೂನು ನೀರಿನ ಬಕೆಟ್ಟು. ಬಾಗಿಲು ಅರ್ಧ ತೆರೆದಿತ್ತು, ಒಳಗಿನಿಂದ ಏನೋ ಬೇಯುವ ವಾಸನೆ. ಪತ್ರ ಕೊಟ್ಟೆ. ಒದ್ದೆ ಕೈಯಲ್ಲೇ ಓದಿ ಅಂಗಿಯ ಜೇಬಿಗೆ ತುರುಕಿದ.

“ನಿನ್ನ ಪಿಯಾನೋ ತಪ್ಪೊಪ್ಕೊಂತಂತೆ,” ಎಂದ. “ಬೆಳಗ್ಗಿಂದ ಮೂರು ಜನ ಫೋನ್ ಮಾಡಿ ನಕ್ರು.”

“ಪಿಯಾನೋ ಅಲ್ಲ ಎಲ್‌ವುಡ್. ನಾನು. ಅವತ್ತು ಸೋಮವಾರ ನನ್ನ ಉಗುರಲ್ಲಿ ಮಸಾಲೆ ಇತ್ತು. ನಿನ್ನ ಕೆಲಸ ಹೋಗಿದ್ದು ನನ್ನಿಂದ. ಹೇಳ್ಬೇಕಿತ್ತು, ಹೇಳ್ಲಿಲ್ಲ. ನಂಗೆ ನಾಚಿಕೆ ಆಗ್ತಿದೆ.”

ಹೇಳಿದ್ದಾಯಿತು. ಅರ್ಜಿಗಿಂತ ಬಹಳ ಚಿಕ್ಕದಾಗಿತ್ತು.

ಅವನು ಬ್ರಷ್ಷನ್ನು ಬಕೆಟ್ಟಿನಲ್ಲಿ ಅದ್ದಿದ. “ಆ ಕೋಣೇಲಿ ಎಂಟು ಜನ ಇದ್ವಿ. ಯಾರ ಕೈ ನೋಡ್ದೆ ಬಿಟ್ಟೆ ಅಂತ ನಂಗೆ ನೆನಪಿರಲ್ವೇನೇ?”

“ಗೊತ್ತಿತ್ತಾ? ಮತ್ತೆ ಅವರ ಮುಂದೆ ಯಾಕೆ ಹೇಳ್ಲಿಲ್ಲ?”

“ಸಹಿ ನಂದು. ‘ತೆಗಿ’ ಅನ್ಬೇಕಿತ್ತು, ‘ಬಿಡು’ ಅಂದೆ. ಅಷ್ಟು ನಂದು. ಮಿಕ್ಕಿದ್ದು ನಿಂದು, ಅದನ್ನ ನಾನ್ಯಾಕೆ ಹೇಳ್ಲಿ?” ಒಂದು ಮೂಲೆಯನ್ನು ಉಜ್ಜಿ ಮುಗಿಸಿದ. “ಬರ್ತೀಯ ಅನ್ಕೊಂಡೆ. ಒಂದು ವಾರ, ಒಂದು ತಿಂಗ್ಳು. ನಿನ್ ಮನೆ ಮುಂದೆ ಬಸ್ ನಿಲ್ಲಿಸ್ಕೊಂಡು ಬಾಗಿಲು ತೆಗೆದಿಟ್ಟಿರ್ತಿದ್ದೆ. ಹಿಂದಿನ ಸೀಟ್ನೋರು ಬಯ್ಯೋರ್ಗೂ ಕಾಯ್ತಿದ್ದೆ. ನೀನು ನಡ್ಕೊಂಡೇ ಹೋಗ್ತಿದ್ದೆ.”

ನಾನು ಅಲ್ಲೇ ನಿಂತು ಅತ್ತೆ. ಮುಚ್ಚಿಕೊಳ್ಳಲಿಲ್ಲ. ಅವನು ಸಮಾಧಾನ ಮಾಡಲೂ ಇಲ್ಲ, ಬೈಯಲೂ ಇಲ್ಲ, ಉಳಿದ ಎರಡು ಮೆಟ್ಟಿಲನ್ನು ಉಜ್ಜಿದ. ಆಮೇಲೆ ಗೋಡೆ ಹಿಡಿದುಕೊಂಡು ನಿಧಾನವಾಗಿ ಎದ್ದು, ಬಾಗಿಲಿಗೆ ಅಡ್ಡವಾಗಿ ನಿಂತು, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಅವನ ಬೆನ್ನ ಹಿಂದೆ ಒಳಗೆ ಮೇಜು ಕಾಣುತ್ತಿತ್ತು. ಅದರ ತುಂಬ ಪತ್ರಿಕೆ ಹಾಸಿತ್ತು. ‘ಬಾಹ್ಯಾಕಾಶಕ್ಕೆ ಏಡಿ ಕಳಿಸಿದ ಪಿಂಕ್ನಿ’ ಎಂಬ ದಪ್ಪ ಅಕ್ಷರ ಇಲ್ಲಿಗೂ ಕಾಣುತ್ತಿತ್ತು. ಅದರ ಮೇಲೆ ಎರಡು ಮರದ ಸುತ್ತಿಗೆ.

“ಕೈ ತೋರ್ಸು,” ಎಂದ.

ಹತ್ತೂ ಬೆರಳು ಚಾಚಿದೆ. ಬಲಗೈಯಿಂದ ಶುರುಮಾಡಿ ಒಂದೊಂದೇ ಉಗುರನ್ನು ಬೆಳಕಿಗೆ ತಿರುಗಿಸಿ ನೋಡಿದ. ಅವಸರ ಮಾಡಲಿಲ್ಲ. ಒಳಗೆ ಪಾತ್ರೆಯ ಮುಚ್ಚಳ ತಟತಟ ಎನ್ನುತ್ತಿತ್ತು. ಕೊನೆಯ ಬೆರಳಿಗೆ ಬಂದು ಹಾಗೇ ಹಿಡಿದುಕೊಂಡ.

“ಎಡಗೈ ಹೆಬ್ಬೆರಳು,” ಎಂದ. “ತೊಳ್ಕೊಂಡು ಬಾ.”

ಎಷ್ಟು ನೋಡಿದರೂ ನನಗೇನೂ ಕಾಣಲಿಲ್ಲ. ಆದರೂ ಮೆಟ್ಟಿಲ ಮೇಲೆ ಕೂತು, ಅವನ ಬಕೆಟ್ಟಿಗೆ ಕೈ ಅದ್ದಿ, ಅವನ ಬ್ರಷ್ಷಿನಿಂದಲೇ ಉಗುರು ತಿಕ್ಕಿದೆ.